ಹಳೆಯ ಸೇತುವೆ, ಹೊಸ ಸೇತುವೆ, ನಡುವೆ ಜನ

ಮಳೆಗಾಲ ಹಿಡಿಯುವ ಮೊದಲು ಹಳ್ಳಕ್ಕೆ ಸಂಕ ಹಾಕುವುದು ನಮ್ಮ ಕಡೆಯ ಊರುಗಳಲ್ಲಿ ಹಿಂದಿನಿಂದ ಬಂದ ಕೆಲಸ. ನಾಲ್ಕು ಅಡಿಕೆ ಮರ ಜೋಡಿಸಿ, ಬಳ್ಳಿಯಿಂದ ಬಿಗಿದು, ಕೈಹಿಡಿಗೆ ಒಂದು ಬಿದಿರ ಗಳ ಕಟ್ಟಿದರೆ ಸಂಕವಾಯಿತು. ಆದರೆ ಮರ ಉರುಳಿಸುವ ಮೊದಲು ಆ ದಾರಿಯಲ್ಲಿ ನಡೆಯುವ ಮನೆಗಳವರು ದಡದಲ್ಲಿ ನಿಂತು ಮಾತಾಡುತ್ತಾರೆ. ಹೋದ ವರ್ಷ ನೀರು ಎಲ್ಲಿಯವರೆಗೆ ಏರಿತ್ತು, ಶಾಲೆಗೆ ಹೋಗುವ ಮಕ್ಕಳಿಗೆ ಯಾವ ಕಡೆ ಸಲೀಸು, ಹೊರೆ ಹೊತ್ತವರ ಕಾಲು ಯಾವ ದಡದಲ್ಲಿ ಜಾರುತ್ತದೆ ಎಂಬುದೆಲ್ಲ ತೀರ್ಮಾನವಾದ ಮೇಲೆಯೇ ಕೊಡಲಿ ಏಳುವುದು. ನಾಲ್ಕು ಮರದ ಸಂಕಕ್ಕೆ ಇರುವ ಈ ಕ್ರಮ ಕೋಟಿಗಟ್ಟಲೆ ಹಣದ ಸೇತುವೆಗೆ ಏಕಿಲ್ಲ?

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ಸಂಘದ ವ್ಯಾಪ್ತಿಯ ದೊಡ್ಡ ಹೊಳೆಯ ಸೇತುವೆಗೆ ಭಾರದ ಮಿತಿಯ ಫಲಕ ಹಾಕಿ ಎರಡು ಮಳೆಗಾಲ ಕಳೆದವು. ಗೊಬ್ಬರದ ಲಾರಿ ಈಚೆ ದಡದಲ್ಲೇ ನಿಲ್ಲುತ್ತದೆ. ಅಲ್ಲಿಂದ ಜೀಪಿನಲ್ಲಿ ಸಾಗಿಸುವ ಬಾಡಿಗೆ, ಇಳಿಸಿ ಏರಿಸುವ ಕೂಲಿ ಎಲ್ಲವೂ ಸದಸ್ಯರ ತಲೆಯ ಮೇಲೆ. ಕ್ಯೂರಿಂಗ್ ವರ್ಕ್ಸಿಗೆ ಹೋಗುವ ಕಾಫಿಯ ಕಥೆಯೂ ಇದೇ. ಹೊಸ ಸೇತುವೆ ಬೇಕೆಂಬುದರಲ್ಲಿ ನಮ್ಮಲ್ಲಿ ಎರಡು ಮಾತಿಲ್ಲ. ಆದರೆ ಕಳೆದ ಚಳಿಗಾಲದಲ್ಲಿ ಅಳತೆಯವರು ಬಂದು, ಸದಸ್ಯರೊಬ್ಬರ ಫಲ ಬರುವ ಅಡಿಕೆ ತೋಟದ ನಡುವೆ ಕಲ್ಲು ನೆಟ್ಟು ಹೋದರು. ಏನೆಂದು ಕೇಳಿದ್ದಕ್ಕೆ ‘ಮೇಲಿನಿಂದ ಬಂದ ನಕ್ಷೆ’ ಎಂಬಷ್ಟೇ ಉತ್ತರ. ಆ ನಕ್ಷೆಯನ್ನು ಈವರೆಗೆ ನಮ್ಮಲ್ಲಿ ಯಾರೂ ಕಂಡಿಲ್ಲ.

ಬೇರೆ ಕಡೆ ಹಳೆಯ ಸೇತುವೆ ತೆಗೆದು ಹೊಸದು ಕಟ್ಟುವಾಗ ಜನರನ್ನು ಹೇಗೆ ಕೇಳುತ್ತಾರೆ, ಕೇಳಿದ್ದನ್ನು ಏನು ಮಾಡುತ್ತಾರೆ ಎಂದು ತಿಳಿಯಲು ನಾವು ಒಂದಿಷ್ಟು ಓದಿದೆವು. ಅಮೆರಿಕದ ಎರಡು ಸೇತುವೆಗಳ ಕಥೆ ಇಲ್ಲಿ ಹೇಳುವಂತಿವೆ. ಅಷ್ಟು ದೂರದ್ದು ಏಕೆಂದರೆ, ಅಲ್ಲಿ ಪತ್ರಗಳು, ವರದಿಗಳು, ಸಭೆಯ ನಡವಳಿಗಳು ಎಲ್ಲರಿಗೂ ಸಿಗುತ್ತವೆ. ಎಲ್ಲಿ ಎಡವಿದರು ಎಂಬುದೂ ಅವುಗಳಲ್ಲೇ ಕಾಣುತ್ತದೆ.

ಅಮೆರಿಕದ ಪಶ್ಚಿಮ ಅಂಚಿನಲ್ಲಿ ಆರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳ ನಡುವೆ ಕೊಲಂಬಿಯಾ ನದಿ ಹರಿಯುತ್ತದೆ. (ಈ ವಾಷಿಂಗ್ಟನ್ ಅವರ ರಾಜಧಾನಿಯಲ್ಲ, ರಾಜ್ಯ.) ತೆಂಕಣ ದಡದಲ್ಲಿ ಪೋರ್ಟ್‌ಲೆಂಡ್ ನಗರ, ಬಡಗಣ ದಡದಲ್ಲಿ ವ್ಯಾಂಕೂವರ್ ಎಂಬ ಊರು. ಇವೆರಡನ್ನೂ ಸೇರಿಸುವ ಕಬ್ಬಿಣದ ಸೇತುವೆ 1917ರ ಫೆಬ್ರವರಿ 14ರಂದು ತೆರೆಯಿತು. ವಾಹನ ಹೆಚ್ಚಾದಾಗ, 1958ರಲ್ಲಿ, ಅದರ ಪಕ್ಕದಲ್ಲೇ ಜೊತೆ ಸೇತುವೆ ಕಟ್ಟಿದರು. ದೊಡ್ಡ ದೋಣಿ ಬಂದಾಗ ಸೇತುವೆಯ ಒಂದು ಅಂಕಣವನ್ನೇ ಲಿಫ್ಟಿನಂತೆ ನೆಟ್ಟಗೆ ಮೇಲಕ್ಕೆತ್ತುತ್ತಾರೆ. ಅಷ್ಟು ಹೊತ್ತು ಹೆದ್ದಾರಿಯ ವಾಹನಗಳೆಲ್ಲ ನಿಲ್ಲಬೇಕು. ಕಂಬಗಳು ನಿಂತಿರುವುದು ನದಿಯ ಮರಳಿನಲ್ಲಿ ಹೂತ ಮರದ ದಿಮ್ಮಿಗಳ ಮೇಲೆ. ಅದು ಭೂಕಂಪದ ಸೀಮೆ. ಜೋರಾಗಿ ಭೂಮಿ ನಡುಗಿದರೆ ಮರಳು ಕೆಸರಾಗಿ ಕಂಬ ಕುಸಿಯಬಹುದೆಂದು ಇಂಜಿನಿಯರುಗಳ ಭಯ. ಬದಲಿಸಬೇಕೆಂಬ ಮಾತಿಗೆ ಕಾರಣ ಸಾಕಷ್ಟಿತ್ತು.

2005ರಲ್ಲಿ ಎರಡೂ ರಾಜ್ಯ ಸೇರಿ ಯೋಜನೆ ಹಿಡಿದವು. 39 ಸದಸ್ಯರ ಸಮಿತಿಯೊಂದು ನೇಮಕವಾಯಿತು. ಅದರಲ್ಲಿ ವ್ಯಾಪಾರಿಗಳು, ಲಾರಿಯವರು, ಪರಿಸರದವರು, ನೆರೆಹೊರೆಯ ಸಂಘದವರು ಎಲ್ಲರೂ ಇದ್ದರು. ಸಭೆಗಳು ಲೆಕ್ಕವಿಲ್ಲದಷ್ಟು ನಡೆದವು, ಅಭಿಪ್ರಾಯದ ಕಾಗದಗಳು ಕಟ್ಟುಕಟ್ಟಾಗಿ ಬಂದವು. ಇಷ್ಟು ಕೇಳಿದರೆ ಯಾರಾದರೂ ‘ಜನರ ಸಹಭಾಗಿತ್ವ ಎಂದರೆ ಇದೇ’ ಎನ್ನುತ್ತಾರೆ. ಸಭೆಗಳ ಸಂಖ್ಯೆ ಹೇಳಿ ಬೆನ್ನು ತಟ್ಟಿಕೊಳ್ಳುವುದು ನಮ್ಮ ಇಲಾಖೆಗಳಿಗೂ, ಹೇಳಬೇಕೆಂದರೆ ನಮ್ಮ ಸಹಕಾರ ಸಂಘಗಳಿಗೂ, ಗೊತ್ತಿರುವ ವಿದ್ಯೆಯೇ.

ಎಡವಿದ್ದು ಸೇತುವೆಯ ಎತ್ತರದಲ್ಲಿ. ಹೊಸ ಸೇತುವೆಗೆ ಎತ್ತುವ ಅಂಕಣ ಬೇಡ, ನೀರಿನಿಂದ 95 ಅಡಿ ಎತ್ತರದಲ್ಲಿ ಸ್ಥಿರವಾಗಿ ಕಟ್ಟೋಣ ಎಂದು ಯೋಜನೆಯವರು ಗೆರೆ ಎಳೆದರು. ಅವರಿಗೂ ಕಾರಣವಿತ್ತು: ತೀರ ಎತ್ತರ ಮಾಡಿದರೆ ಬಡಗಣ ದಡದ ಚಿಕ್ಕ ವಿಮಾನ ನಿಲ್ದಾಣಕ್ಕೆ ಅಡ್ಡ, ಮೇಲೆ ಹೋಗಬೇಕಾದ ಲಘು ರೈಲಿಗೆ ಏರು ಹೆಚ್ಚು. ಆದರೆ ಹಳೆಯ ಸೇತುವೆಯ ಅಂಕಣ ಪೂರ್ತಿ ಮೇಲೆದ್ದರೆ ಅಡಿಯಲ್ಲಿ 178 ಅಡಿ ಜಾಗ ಸಿಗುತ್ತಿತ್ತು. ನದಿಯ ಮೇಲ್ಭಾಗದಲ್ಲಿ ಭಾರಿ ಉಕ್ಕಿನ ಸಾಮಾನು ಮಾಡುವ ಕಾರ್ಖಾನೆಗಳಿದ್ದವು. ಅವರ ಮಾಲು ಎತ್ತರದ್ದು. ರಸ್ತೆಯಲ್ಲಿ ಹೋಗದು, ದೋಣಿಯಲ್ಲೇ ಹೋಗಬೇಕು. 95 ಅಡಿಯ ಸೇತುವೆ ಎಂದರೆ ಅವರ ಪಾಲಿಗೆ ನದಿಗೆ ಬಾಗಿಲು ಹಾಕಿದಂತೆ.

ಅಲ್ಲಿ ಹಡಗು ಹೋಗುವ ನದಿಗೆ ಸೇತುವೆ ಕಟ್ಟಲು ಕೋಸ್ಟ್ ಗಾರ್ಡ್ ಎಂಬ ಕೇಂದ್ರ ಪಡೆಯ ಪರವಾನಗಿ ಬೇಕು. 95 ಅಡಿ ಸಾಲದೆಂಬ ಅವರ ತಕರಾರು ದೊಡ್ಡದಾಗಿ ಮೇಲೆದ್ದದ್ದು 2011-12ರ ಸುಮಾರಿಗೆ. ಅಷ್ಟರಲ್ಲಿ ಅಂತಿಮ ಪರಿಸರ ವರದಿ ಸಿದ್ಧವಾಗಿ ಕೇಂದ್ರ ಸರಕಾರದ ಒಪ್ಪಿಗೆಯೂ ಬಂದಿತ್ತು. ಮತ್ತೆ ನಕ್ಷೆ ಬಿಚ್ಚಿ 116 ಅಡಿಗೆ ಏರಿಸಿದರು. ಅದೂ ಸಾಲದೆ ಹೋದ ಮೂರು ಕಾರ್ಖಾನೆಗಳಿಗೆ ಸುಮಾರು 8.6 ಕೋಟಿ ಡಾಲರ್ ಪರಿಹಾರದ ಒಪ್ಪಂದ ಮಾಡಬೇಕಾಯಿತು. 2013ರ ಸೆಪ್ಟೆಂಬರಿನಲ್ಲಿ ಪರವಾನಗಿ ಬಂದಾಗ ಯೋಜನೆಯ ಉಸಿರು ಹೆಚ್ಚುಕಡಿಮೆ ನಿಂತಿತ್ತು.

ನದಿಯನ್ನು ದಿನಬಳಕೆ ಮಾಡುವವರು ಹೇಳುತ್ತಿದ್ದುದು ಒಂದು ಅಂಕಿಯ ವಿಚಾರ. ಅದು ಗುಟ್ಟಾಗಿರಲಿಲ್ಲ, ಹಳೆಯ ಸೇತುವೆಯೇ ಅದನ್ನು ಸಾರುತ್ತಿತ್ತು. ಅದನ್ನು ಗೆರೆ ಎಳೆಯುವ ಮೊದಲು ಇತ್ಯರ್ಥ ಮಾಡದೆ, ಎಳೆದ ಮೇಲೆ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನಮಗೆ ಸಿಗಲಿಲ್ಲ.

ಉಳಿದ ತೊಡಕುಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ಸೇತುವೆಗೆ ಆರಿಸಿದ ಎರಡು ಅಂತಸ್ತಿನ ಮಾದರಿ ಎಲ್ಲಿಯೂ ಕಟ್ಟಿ ನೋಡದಂಥದು ಎಂದು ಸ್ವತಂತ್ರ ತಜ್ಞರ ಸಮಿತಿ 2010ರಲ್ಲಿ ಎಚ್ಚರಿಸಿತು. 2011ರಲ್ಲಿ ಅದನ್ನು ಕೈಬಿಟ್ಟರು. ಪೋರ್ಟ್‌ಲೆಂಡಿನವರಿಗೆ ರೈಲು ಇಲ್ಲದ ಸೇತುವೆ ಬೇಡ. ಆಚೆ ದಡದ ಕ್ಲಾರ್ಕ್ ಕೌಂಟಿಯ ಮತದಾರರು ರೈಲಿಗಾಗಿ ತೆರಿಗೆ ಕೊಡುವುದಿಲ್ಲವೆಂದು 1995ರಲ್ಲೂ 2012ರಲ್ಲೂ ಮತ ಹಾಕಿದ್ದರು. ಟೋಲ್ ಇಟ್ಟರೆ ಬಹಳ ವಾಹನಗಳು ಮೇಲಿನ ಇನ್ನೊಂದು ಸೇತುವೆಗೆ ತಿರುಗಿಕೊಳ್ಳುತ್ತವೆ ಎಂಬ ಲೆಕ್ಕವೂ ತಡವಾಗಿ ಹೊರಬಿತ್ತು. 2013ರಲ್ಲಿ ಆರೆಗಾನ್ 45 ಕೋಟಿ ಡಾಲರ್ ಕೊಡಲು ಒಪ್ಪಿತು; ವಾಷಿಂಗ್ಟನ್ ರಾಜ್ಯದ ಸೆನೆಟ್ ತನ್ನ ಪಾಲು ಕೊಡದೆ ಜೂನ್ ಕೊನೆಗೆ ಎದ್ದುಹೋಯಿತು. 2014ರಲ್ಲಿ ಕಚೇರಿಗೆ ಬೀಗ ಬಿತ್ತು. ಯೋಜನೆ ಮಾಡುವುದಕ್ಕೇ 17 ಕೋಟಿ ಡಾಲರಿಗೂ ಮಿಕ್ಕಿ ಖರ್ಚಾಗಿತ್ತು. ನದಿಯಲ್ಲಿ ಒಂದು ಕಂಬವೂ ಏಳಲಿಲ್ಲ.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಕೇಂದ್ರದಿಂದ ಪಡೆದ ಸುಮಾರು 14 ಕೋಟಿ ಡಾಲರನ್ನು ಹಿಂದಿರುಗಿಸಬೇಕಾದೀತೆಂಬ ಒತ್ತಡವೂ ಸೇರಿ 2019ರಲ್ಲಿ ಎರಡು ರಾಜ್ಯಗಳು ಮತ್ತೆ ಕೈಜೋಡಿಸಿದವು. ಹೊಸ ಕಚೇರಿ, ಹೊಸ ಸಲಹಾ ಸಮಿತಿಗಳು. ಮತ್ತೆ 116 ಅಡಿಯದೇ ನಕ್ಷೆ! 2022ರ ಜೂನಿನಲ್ಲಿ ಕೋಸ್ಟ್ ಗಾರ್ಡಿನವರು ತಮ್ಮ ಪ್ರಾಥಮಿಕ ತೀರ್ಮಾನದಲ್ಲಿ 178 ಅಡಿ ಬೇಕೆಂದು ಬರೆದರು. ಹಾಗಾಗಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಕರಡು ಪರಿಸರ ವರದಿಯಲ್ಲಿ ಎತ್ತುವ ಸೇತುವೆಯ ಮಾದರಿಯನ್ನೂ ಸೇರಿಸಬೇಕಾಯಿತು. ಆ ಕರಡಿಗೆ ಅಭಿಪ್ರಾಯ ಹೇಳಲು ಜನರಿಗೆ 60 ದಿನ ಕೊಟ್ಟರು. ಅಂದಾಜು ವೆಚ್ಚ 2022ರ ಡಿಸೆಂಬರಿನಲ್ಲೇ 500ರಿಂದ 750 ಕೋಟಿ ಡಾಲರಿಗೆ ಮುಟ್ಟಿತ್ತು. ಅದು ಇನ್ನೂ ಏರುವುದೆಂದು ಅಧಿಕಾರಿಗಳೇ 2025ರಲ್ಲಿ ಹೇಳಿದರು.

ಇದನ್ನು ಓದಿ ‘ಜನರನ್ನು ಕೇಳುತ್ತಾ ಕೂತರೆ ಸೇತುವೆ ಆಗುವುದೇ ಇಲ್ಲ’ ಎನ್ನುವವರೂ ಇದ್ದಾರೆ. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಹಾಗೆಯೇ ವಾದಿಸಿದರು. ಅವರಿಗೆ ನಾವು ಹೇಳಿದ್ದು ಎರಡನೆಯ ಸೇತುವೆಯ ವಿಚಾರ.

ಅದೇ ದೇಶದ ಮಿನ್ನಿಯಾಪೊಲಿಸ್ ನಗರದಲ್ಲಿ ಮಿಸಿಸಿಪ್ಪಿ ನದಿಗೆ 1967ರಲ್ಲಿ ತೆರೆದ ಹೆದ್ದಾರಿ ಸೇತುವೆಯೊಂದಿತ್ತು. 2007ರ ಆಗಸ್ಟ್ 1ರ ಸಂಜೆ ವಾಹನಗಳಿಂದ ತುಂಬಿದ್ದಾಗಲೇ ಅದು ಕುಸಿದು 13 ಜನ ಸತ್ತರು, 145 ಜನ ಗಾಯಗೊಂಡರು. ಕಬ್ಬಿಣದ ತೊಲೆಗಳನ್ನು ಕೂಡಿಸುವ ತಗಡುಗಳು ಇರಬೇಕಾದ ದಪ್ಪದ ಅರ್ಧದಷ್ಟೇ ಇದ್ದವೆಂದೂ, ಆ ದಿನ ದುರಸ್ತಿಯ ಸಾಮಾನನ್ನು ಸೇತುವೆಯ ಮೇಲೆಯೇ ರಾಶಿ ಹಾಕಿದ್ದರೆಂದೂ ತನಿಖೆ ಹೇಳಿತು. ಅಂದರೆ ತಪ್ಪು 40 ವರ್ಷ ಹಳೆಯ ನಕ್ಷೆಯಲ್ಲೇ ಕೂತಿತ್ತು.

ದಿನಕ್ಕೆ ಲಕ್ಷಕ್ಕೂ ಮಿಕ್ಕಿ ವಾಹನ ಓಡುವ ದಾರಿ. ಅವಸರವೆಂದರೆ ಅವಸರ. ಹಾಗಿದ್ದರೂ ನಗರಸಭೆಯ ಸಮ್ಮತಿಯಿಲ್ಲದೆ ರಾಜ್ಯದ ಇಲಾಖೆ ಮುಂದೆ ಹೋಗಲಿಲ್ಲ. ಮುಂದೆ ಎಂದಾದರೂ ರೈಲು ಹಾಕಲು ಬೇಕಾದ ಬಲ ಸೇತುವೆಗೆ ಈಗಲೇ ಇರಲಿ ಎಂದು ನಗರ ಕೇಳಿತು, ಅದನ್ನು ಒಪ್ಪಿದರು. ಟೆಂಡರಿನಲ್ಲಿ ಬೆಲೆ, ದಿನ ಮಾತ್ರವಲ್ಲದೆ ಕೆಲಸದ ಗುಣಮಟ್ಟಕ್ಕೆ, ನೋಟಕ್ಕೆ ಅಂಕಗಳಿದ್ದವು. ಕೆಲಸ ನಡೆಯುವಾಗ ಜನರೊಡನೆ ಹೇಗೆ ವ್ಯವಹರಿಸುತ್ತೀರಿ ಎಂಬುದಕ್ಕೂ 100ಕ್ಕೆ 15 ಅಂಕ. ಕೊನೆಗೆ ಗೆದ್ದವರು ಎಲ್ಲರಿಗಿಂತ ಹೆಚ್ಚು ಬೆಲೆ ಹಾಕಿದವರು, ಸುಮಾರು 23.4 ಕೋಟಿ ಡಾಲರ್! ಸಹಜವಾಗಿಯೇ ದೊಡ್ಡ ಗಲಾಟೆಯಾಯಿತು, ನ್ಯಾಯಾಲಯದವರೆಗೂ ಹೋಯಿತು. 2010ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಇಲಾಖೆಯ ಪರ ತೀರ್ಪು ಕೊಟ್ಟಿತು. ಅಷ್ಟು ಬೆಲೆ ಕೊಟ್ಟದ್ದು ಸರಿಯೇ ಎಂಬುದರಲ್ಲಿ ನಮಗೂ ಪೂರ್ತಿ ಸಮಾಧಾನವಿಲ್ಲ. ಆದರೆ ಏಕೆ ಕೊಟ್ಟರೆಂಬುದು ಅಂಕಪಟ್ಟಿಯಲ್ಲಿ ಬರಹದಲ್ಲಿತ್ತು, ಜಗಳವಾಡುವವನ ಕೈಗೆ ಆಧಾರ ಸಿಕ್ಕಿತು.

ಕೆಲಸ ಶುರುವಾದ ಮೇಲೆ ನಾಗರಿಕರನ್ನು ಕೂಡಿಸಿ ಕಂಬದ ಆಕಾರ, ಬಣ್ಣ ಮುಂತಾದವನ್ನು ಅವರಿಂದಲೇ ಆರಿಸಿದರು. ಶನಿವಾರಗಳಂದು ಪಕ್ಕದ ಸೇತುವೆಯ ಮೇಲೆ ಇಂಜಿನಿಯರುಗಳು ನಿಂತು, ಬಂದವರಿಗೆ ಆ ವಾರದ ಕೆಲಸ ವಿವರಿಸುತ್ತಿದ್ದರಂತೆ. 2008ರ ಸೆಪ್ಟೆಂಬರ್ 18ರಂದು, ಗೊತ್ತುಮಾಡಿದ ದಿನಕ್ಕಿಂತ ಮೂರು ತಿಂಗಳು ಮೊದಲೇ, ಸೇತುವೆ ತೆರೆಯಿತು. ಕೇಳಿದ್ದರಿಂದ ತಡವಾಗಲಿಲ್ಲ. ಏನನ್ನು ಕೇಳಬೇಕು, ಯಾವಾಗ ಕೇಳಬೇಕು ಎಂಬುದು ಅವರಿಗೆ ಸ್ಪಷ್ಟವಿತ್ತು.

ನಮ್ಮ ಕಡೆ ಸೇತುವೆ ಬೀಳುವುದೇನೂ ಕೇಳದ ಸುದ್ದಿಯಲ್ಲ. 2018ರ ಜೂನಿನಲ್ಲಿ ಬಂಟ್ವಾಳ ತಾಲ್ಲೂಕಿನ ಮೂಲರಪಟ್ಣದ ಸೇತುವೆ ಕುಸಿದು ಎರಡೂ ದಡದವರು ಸುತ್ತು ಹಾಕುವಂತಾಯಿತು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಒಂದು ಲಾರಿಯ ಸಮೇತ ನೀರಿಗೆ ಬಿತ್ತು. ಚಾಲಕ ಬದುಕಿದ್ದು ಪುಣ್ಯ. ಬಿದ್ದ ಮೇಲೆ ಎಲ್ಲರೂ ಬರುತ್ತಾರೆ, ಮಾತಾಡುತ್ತಾರೆ. ಬೀಳುವ ಮೊದಲು ತಪಾಸಣೆಯ ವರದಿ ಎಲ್ಲಿತ್ತು, ಯಾರು ಓದಿದ್ದರು ಎಂದು ಕೇಳುವ ರೂಢಿ ನಮ್ಮಲ್ಲಿ ಇನ್ನೂ ಬೇರುಬಿಟ್ಟಿಲ್ಲ.

ಕೇಳುವುದಕ್ಕೆ ಕಾಯಿದೆಯ ಬಲ ಇಲ್ಲವೆಂದು ಯಾರೂ ತಿಳಿಯಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೇ ಕಲಮನ್ನು ಬೆಳೆಗಾರ ಬಾಂಧವರು ಒಮ್ಮೆ ಓದಬೇಕು. ಜನರ ಮೇಲೆ ಪರಿಣಾಮ ಮಾಡುವ ಮುಖ್ಯ ತೀರ್ಮಾನಗಳನ್ನು ಪ್ರಕಟಿಸುವಾಗ ಅದರ ಎಲ್ಲ ಸಂಗತಿಗಳನ್ನೂ ಇಲಾಖೆಗಳು ತಾವಾಗಿಯೇ ಪ್ರಕಟಿಸಬೇಕು, ಬಾಧಿತರಿಗೆ ಕಾರಣ ತಿಳಿಸಬೇಕು ಎಂದು ಅಲ್ಲಿ ಬರೆದಿದೆ. ತಾವಾಗಿ ಕೊಡದಿದ್ದರೆ 10 ರೂಪಾಯಿ ಶುಲ್ಕದ ಅರ್ಜಿ ಇದ್ದೇ ಇದೆ. 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಆದ್ದರಿಂದ ಪುರಾಣ ಬರೆಯದೆ, ಬೇಕಾದ ಕಾಗದದ ಹೆಸರು ಬರೆಯಬೇಕು: ಸೇತುವೆಯ ತಪಾಸಣಾ ವರದಿ, ಪರಿಶೀಲಿಸಿದ ಎಲ್ಲ ಮಾರ್ಗಗಳ ನಕ್ಷೆ, ನೆರೆಮಟ್ಟದ ಲೆಕ್ಕ, ಅಂದಾಜು ಪಟ್ಟಿ.

ಭೂಮಿಯ ವಿಚಾರ ಬೇರೆ. ರಾಷ್ಟ್ರೀಯ ಹೆದ್ದಾರಿಯಾದರೆ 1956ರ ಕಾಯಿದೆಯಂತೆ ಪ್ರಕಟಣೆ ಹೊರಟ 21 ದಿನದೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಕೊಯ್ಲಿನ ಗಡಿಬಿಡಿಯಲ್ಲಿ 21 ದಿನ ಹೋದದ್ದೇ ಗೊತ್ತಾಗುವುದಿಲ್ಲ. 2013ರ ಭೂಸ್ವಾಧೀನ ಕಾಯಿದೆಯಡಿ ನಡೆದರೆ ಪ್ರಾಥಮಿಕ ಅಧಿಸೂಚನೆಯ ನಂತರ 60 ದಿನ ಅವಕಾಶವುಂಟು; ಅಧಿಸೂಚನೆಯ ಸಂಗತಿಯನ್ನು ಗ್ರಾಮಸಭೆಗೂ ತಿಳಿಸಬೇಕು. ಮರ ಗಿಡಗಳ ಬೆಲೆ ಕಟ್ಟಲು ತೋಟಗಾರಿಕೆಯ ಅನುಭವಸ್ಥರ ನೆರವು ಪಡೆಯಲು ಅದೇ ಕಾಯಿದೆಯ 29ನೇ ಕಲಮಿನಲ್ಲಿ ದಾರಿ ಇದೆ. ಫಲ ಬರುವ ಅಡಿಕೆ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅಡಿಯಲ್ಲಿರುವ ಕಾಫಿ ಗಿಡ ಮೂರನ್ನೂ ಬೇರೆ ಬೇರೆ ಎಣಿಸಬೇಕೇ ಹೊರತು ‘ತೋಟ ಇಷ್ಟು ಗುಂಟೆ’ ಎಂದು ಬರೆದು ಮುಗಿಸಲು ಬಿಡಬಾರದು.

ಇನ್ನು ನಮ್ಮ ಹೊಳೆಯ ಮಾತು. ಇಂಜಿನಿಯರುಗಳಿಗೆ ಸಿಮೆಂಟು ಕಬ್ಬಿಣದ ಲೆಕ್ಕ ನಾವು ಹೇಳಿಕೊಡಬೇಕಾಗಿಲ್ಲ. ಆದರೆ ನಮಗೆ ಗೊತ್ತಿರುವ ಕೆಲವು ಸಂಗತಿಗಳು ಅವರ ಪುಸ್ತಕದಲ್ಲಿ ಇರಲಾರವು. 2018 ಮತ್ತು 2019ರ ಆಗಸ್ಟಿನ ನೆರೆ ಯಾರ ಕಣದವರೆಗೆ ಬಂತು, ಯಾರ ಮನೆಯ ಗೋಡೆಯಲ್ಲಿ ಕೆಸರಿನ ಗೆರೆ ಉಳಿದಿದೆ ಎಂಬುದು ದಡದವರಿಗೆ ಗೊತ್ತು. ಸೇತುವೆಗೆ ಏರುವ ರಸ್ತೆಯನ್ನು ಎರಡೂ ಕಡೆ ಎತ್ತರದ ಮಣ್ಣಿನ ಏರಿಯ ಮೇಲೆ ತಂದರೆ ಖರ್ಚು ಕಡಿಮೆ. ಆದರೆ ಆ ಏರಿಯೇ ಒಡ್ಡಿನಂತಾಗಿ ನೆರೆಯ ನೀರು ಮೇಲಿನ ತೋಟಗಳಲ್ಲಿ ನಿಲ್ಲುತ್ತದೆ. ಅಡಿಕೆಯ ಬುಡದಲ್ಲಿ ದಿನಗಟ್ಟಲೆ ನೀರು ನಿಂತರೆ ಏನಾಗುತ್ತದೆಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ. ಇನ್ನೊಂದೆರಡು ಅಂಕಣ ಹೆಚ್ಚು ಹಾಕಿ ನೀರಿಗೆ ದಾರಿ ಬಿಡಲು ಸಾಧ್ಯವೇ ಎಂದು ಈಗ ಕೇಳಿದರೆ ಅದು ನಕ್ಷೆಯಲ್ಲೊಂದು ತಿದ್ದುಪಡಿ. ಏರಿ ಬಿದ್ದ ಮೇಲೆ ಕೇಳಿದರೆ ಕೋರ್ಟು ಕಚೇರಿ.

ಅದಕ್ಕಿಂತ ಹತ್ತಿರದ ತಾಪತ್ರಯ ಇನ್ನೊಂದಿದೆ. ಹೊಳೆಯಲ್ಲಿ ತಳಪಾಯದ ಕೆಲಸ ನಡೆಯುವುದು ನೀರು ಇಳಿದ ಮೇಲೆ, ಡಿಸೆಂಬರಿನಿಂದ ಮೇ ತಿಂಗಳವರೆಗೆ. ನಮ್ಮ ಕಾಫಿ ಕೊಯ್ಲು, ಅಡಿಕೆ ಸುಲಿತ, ಸಾಗಾಟ ಎಲ್ಲ ಬೀಳುವುದೂ ಆ ದಿನಗಳಲ್ಲೇ. ಆಗ ಹಳೆಯ ಸೇತುವೆಯ ದಾರಿ ತೆರೆದಿರುತ್ತದೆಯೇ? ತಾತ್ಕಾಲಿಕ ರಸ್ತೆ ಎಲ್ಲಿ, ಅದರ ಮೇಲೆ ಎಷ್ಟು ಟನ್ನಿನ ವಾಹನ ಹೋಗಬಹುದು, ಮೊದಲ ಮಳೆಗೆ ಅದು ಕೊಚ್ಚಿಹೋದರೆ ಗುತ್ತಿಗೆದಾರರು ಏನು ಮಾಡಬೇಕು? ಇದು ಕರಾರು ಪತ್ರದಲ್ಲಿ ಬರೆದಿರಬೇಕಾದ ವಿಷಯ. ಬಾಯಿಮಾತಿನ ಭರವಸೆಗೆ ಲಾರಿ ಓಡಿಸಲಾಗದು.

ನಮ್ಮೊಳಗಿನ ಗೋಜಲನ್ನೂ ಹೇಳಬೇಕು. ಸೇತುವೆ ಬೇಕು, ಆದರೆ ಪಕ್ಕದವರ ತೋಟದಲ್ಲಿ ಹೋಗಲಿ ಎಂಬುದು ಎಲ್ಲರ ಮನಸ್ಸಿನ ಮಾತು. ಹತ್ತು ಸದಸ್ಯರು ಹತ್ತು ಅರ್ಜಿ ಕೊಟ್ಟರೆ ಇಲಾಖೆಗೆ ಅದಕ್ಕಿಂತ ಅನುಕೂಲ ಬೇರೆ ಬೇಡ. ‘ಊರವರಲ್ಲೇ ಒಮ್ಮತವಿಲ್ಲ’ ಎಂದು ಷರಾ ಬರೆದು ಕಡತ ಮುಚ್ಚುತ್ತಾರೆ. ಹೊಳೆಯಂಚಿನ ಕಾಲೋನಿಯಲ್ಲಿ ನಮ್ಮ ತೋಟಗಳ ಆಳುಗಳ ಮನೆಗಳಿವೆ. ಅವರಲ್ಲಿ ಹಲವರಿಗೆ ಪಹಣಿಯಿಲ್ಲ, ಆದ್ದರಿಂದ ನೋಟೀಸೂ ಬರುವುದಿಲ್ಲ. ಏರಿ ಆ ಕಡೆ ಬಂದರೆ ಮೊದಲು ನೀರು ನುಗ್ಗುವುದು ಅವರ ಮನೆಗೆ. ನಮ್ಮನ್ನು ಕೇಳಲಿಲ್ಲವೆಂದು ದೂರುವ ನಾವು ಅವರನ್ನು ಬಿಟ್ಟು ಸಭೆ ಮಾಡಿದರೆ ಆ ದೂರಿಗೆ ತೂಕವಿರುವುದಿಲ್ಲ.

ಆದುದರಿಂದ ಆಡಳಿತ ಮಂಡಳಿಯು ಈ ವಿಷಯಕ್ಕೆಂದೇ ಸಂಘದ ಗೋದಾಮಿನಲ್ಲಿ ವಿಶೇಷ ಸಭೆ ಕರೆದಿದೆ. ದಿನಾಂಕದ ನೋಟೀಸು ಈ ಸಂಚಿಕೆಯ ಕೊನೆಯ ಪುಟದಲ್ಲಿದೆ. ಸದಸ್ಯರಲ್ಲದವರೂ ಬರಬಹುದು, ಮಾತಾಡಬಹುದು. ಹೊಳೆಯ ಎರಡೂ ದಡದ ಸದಸ್ಯರು ತಮ್ಮ ಪಹಣಿಯ ನಕಲನ್ನೂ, ನೆರೆಯ ಕಾಲದಲ್ಲಿ ತೆಗೆದ ಫೋಟೋ ಇದ್ದರೆ ತಾರೀಕು ಬರೆದು ಅದನ್ನೂ ತರಬೇಕಾಗಿ ವಿನಂತಿ. ನೀರಿನ ಗುರುತು ಗೋಡೆಯಲ್ಲೋ ಮರದಲ್ಲೋ ಇದ್ದರೆ ಅಳಿಸದೆ ಹಾಗೆಯೇ ಬಿಡಿ. ಸಂಘದ ಗುಮಾಸ್ತರು ಬಂದು ಅಳತೆ ಬರೆದುಕೊಳ್ಳುತ್ತಾರೆ. ಮಾಹಿತಿ ಹಕ್ಕಿನ ಅರ್ಜಿಯ ಕರಡನ್ನು ಸಭೆಯಲ್ಲಿ ಓದಿ, ತಿದ್ದಿ, ಅಂದೇ ಸಹಿ ಮಾಡಿ ಕಳಿಸುವುದು. ಅದಕ್ಕೆ ಬರುವ ಉತ್ತರ, ಬಾರದಿದ್ದರೆ ಬಾರದ ಸಂಗತಿ, ಇದೇ ಪತ್ರಿಕೆಯಲ್ಲಿ ಪೂರ್ತಿಯಾಗಿ ಅಚ್ಚಾಗುತ್ತದೆ. ಕಾಲೋನಿಯಿಂದ ಬರುವವರಿಗಾಗಿ ಸಂಘದ ಜೀಪು ಅಂದು ಬೆಳಿಗ್ಗೆ 9-30ಕ್ಕೆ ಹಳೆಯ ಸೇತುವೆಯ ಆಚೆ ದಡದಲ್ಲಿ ಕಾದಿರುತ್ತದೆ.